ರಗ್ಬಿ ಲೀಗ್ ಫಾರ್ವರ್ಡ್‌ನ ವೃತ್ತಿಜೀವನ: ಕೆಲಸ, ದೇಹ, ಕರಾರು

ಆಸ್ಟ್ರೇಲಿಯಾದ ವೃತ್ತಿಪರ ಲೀಗ್ ಆದ ಎನ್‌ಆರ್‌ಎಲ್‌ನಲ್ಲಿ 2019ರಲ್ಲಿ ಇಬ್ಬರು ಹೆಸರಾಂತ ಫಾರ್ವರ್ಡ್‌ಗಳ (ಮುಂದೆ ನುಗ್ಗಿ ಡಿಕ್ಕಿ ಹೊಡೆಯುವ, ಎದುರಾಳಿಯನ್ನು ತಡೆಯುವ ಆಟಗಾರರ) ಆಟ ಮುಗಿಯಿತು. ಕ್ರೊನುಲ್ಲಾ ಕ್ಲಬ್ಬಿನ ಪಾಲ್ ಗ್ಯಾಲನ್‌ಗೆ ಆಗ 38 ವರ್ಷ. 2001ರಿಂದ ಒಂದೇ ಕ್ಲಬ್ಬಿಗೆ ಆಡಿದವರು. ಸೌತ್ ಸಿಡ್ನಿಯ ಸ್ಯಾಮ್ ಬರ್ಜೆಸ್‌ಗೆ ಇನ್ನೂ 30. ಬಲ, ಧೈರ್ಯ, ಕೌಶಲ ಯಾವುದರಲ್ಲೂ ಬರ್ಜೆಸ್ ಕಡಿಮೆಯಿರಲಿಲ್ಲ. ಹಾಗಾದರೆ ಎಂಟು ವರ್ಷಗಳ ಅಂತರ ಎಲ್ಲಿಂದ ಬಂತು? ಫಾರ್ವರ್ಡ್ ಆಟಗಾರನ ವೃತ್ತಿಯನ್ನು ಓದುವವರು ಈ ಪ್ರಶ್ನೆಯಿಂದ ಹೊರಟರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ಆಟದ ಚೌಕಟ್ಟು

ಭಾರತದಲ್ಲಿ ರಗ್ಬಿ ಎಂದರೆ ಸಾಮಾನ್ಯವಾಗಿ ರಗ್ಬಿ ಯೂನಿಯನ್. ಲೀಗ್ ಬೇರೆ ಆಟ. 1895ರ ಆಗಸ್ಟ್ 29ರಂದು ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸೇರಿದ ಉತ್ತರದ ಕ್ಲಬ್ಬುಗಳು ಮೂಲ ಒಕ್ಕೂಟದಿಂದ ಹೊರಬಂದವು. ಜಗಳ ಕೂಲಿಯದು. ಗಣಿ ಮತ್ತು ಗಿರಣಿ ಕಾರ್ಮಿಕರು ಶನಿವಾರ ಆಡಲು ಹೋದರೆ ಆ ಹೊತ್ತಿನ ಸಂಬಳ ಕಳೆದುಕೊಳ್ಳುತ್ತಿದ್ದರು. ಅದನ್ನು ತುಂಬಿಕೊಡಲು ಮೂಲ ಒಕ್ಕೂಟ ಒಪ್ಪಲಿಲ್ಲ. ಹೊಸ ಒಕ್ಕೂಟ ದಿನಕ್ಕೆ ಆರು ಶಿಲಿಂಗ್ ಪರಿಹಾರ ಕೊಡಲು ಒಪ್ಪಿತು. ಹಣ ಪಡೆದು ಆಡುವುದು ಈ ಆಟದ ಹುಟ್ಟಿನಲ್ಲೇ ಇದೆ.

1906ರಲ್ಲಿ ತಂಡ 15ರಿಂದ 13ಕ್ಕೆ ಇಳಿಯಿತು. ಅದರಲ್ಲಿ ಆರು ಮಂದಿ ಫಾರ್ವರ್ಡ್‌ಗಳು: ಪ್ರಾಪ್ (8, 10), ಹುಕರ್ (9), ಸೆಕೆಂಡ್ ರೋ (11, 12), ಲಾಕ್ (13). ಇಂಗ್ಲೆಂಡಿನಲ್ಲಿ ಲಾಕ್‌ಗೆ ಲೂಸ್ ಫಾರ್ವರ್ಡ್ ಎನ್ನುತ್ತಾರೆ. ಚೆಂಡು ಹಿಡಿದವನನ್ನು ಎದುರಾಳಿಗಳು ಹಿಡಿದು ನಿಲ್ಲಿಸುವುದು ಟ್ಯಾಕಲ್. ದಾಳಿಯ ತಂಡಕ್ಕೆ ಆರು ಟ್ಯಾಕಲ್‌ಗಳ ಅವಕಾಶ. ಇದು ಒಂದು ಸೆಟ್. ಐದು ಟ್ಯಾಕಲ್ ಆದ ಮೇಲೆ ಸಾಮಾನ್ಯವಾಗಿ ಚೆಂಡನ್ನು ಒದೆಯುತ್ತಾರೆ, ಆರನೆಯದು ಆದರೆ ಚೆಂಡು ಎದುರಾಳಿಗೆ.

ಕಬಡ್ಡಿಯಲ್ಲಿ ಹಿಡಿತ ಬಿತ್ತೆಂದರೆ ಆ ರೈಡ್ ಮುಗಿಯಿತು. ಇಲ್ಲಿ ಹಿಡಿತ ಬಿದ್ದಮೇಲೆಯೇ ಮುಖ್ಯ ಕೆಲಸ ಶುರು. ಬಿದ್ದವನು ಎದ್ದು, ಚೆಂಡನ್ನು ನೆಲಕ್ಕಿಟ್ಟು, ಕಾಲಿನಿಂದ ಹಿಂದಕ್ಕೆ ತಳ್ಳಬೇಕು, ಇದು ಪ್ಲೇ-ದ-ಬಾಲ್. ರಕ್ಷಣಾ ತಂಡದ ಇಬ್ಬರು ಮಾತ್ರ ಅವನೆದುರು ಮಾರ್ಕರ್‌ಗಳಾಗಿ ನಿಲ್ಲಬಹುದು. ಉಳಿದವರೆಲ್ಲ 10 ಮೀಟರ್ ಹಿಂದೆ ಸರಿಯಬೇಕು. ಹಿಡಿ, ಏಳು, ಹತ್ತು ಮೀಟರ್ ಹಿಂದಕ್ಕೆ ಓಡು, ಮತ್ತೆ ಮುಂದಕ್ಕೆ ನುಗ್ಗು: 80 ನಿಮಿಷದ ಪಂದ್ಯದಲ್ಲಿ ಫಾರ್ವರ್ಡ್‌ನ ಉಸಿರು ತೆಗೆಯುವುದು ಈ ಸುತ್ತು. ಡಿಕ್ಕಿಯಷ್ಟೇ ಕಣ್ಣಿಗೆ ಬೀಳುವುದರಿಂದ ಹೊಸಬರು ಬರೀ ತೂಕ ಏರಿಸಲು ಹೊರಡುತ್ತಾರೆ. ನೆಲದಿಂದ ಏಳುವುದರಲ್ಲಿ ಒಂದು ಸೆಕೆಂಡು ತಡವಾದರೆ ಆ ತೂಕ ತಂಡಕ್ಕೆ ಹೊರೆಯಾಗುತ್ತದೆ.

ಚೆಂಡು ಹಿಡಿದು ನುಗ್ಗುವುದು

ಸ್ವಂತ ಗೆರೆಯ ಹತ್ತಿರ ಸೆಟ್ ಶುರುವಾದಾಗ ಮೊದಲ ಮೂರು ಓಟಗಳ ಭಾರ ಹೆಚ್ಚಾಗಿ ಪ್ರಾಪ್ ಮತ್ತು ಲಾಕ್ ಮೇಲೆ. ಒಂದು ಒಳ್ಳೆಯ ಓಟದ ಕ್ರಮ ಹೀಗೆ. ದೂರದಿಂದ ಓಡಿಬಂದು ವೇಗದಲ್ಲಿರುವಾಗಲೇ ಚೆಂಡು ಪಡೆಯಬೇಕು. ನಿಂತಲ್ಲೇ ಪಡೆದರೆ ಮೂವರು ರಕ್ಷಕರು ಗೋಡೆ ಕಟ್ಟಿ ಆಗಿರುತ್ತದೆ. ಡಿಕ್ಕಿಗೆ ಮುಂಚಿನ ಕೊನೆಯ ಎರಡು ಹೆಜ್ಜೆಗಳಲ್ಲಿ ಸ್ವಲ್ಪ ಬದಿಗೆ ಸರಿದು ಇಬ್ಬರು ರಕ್ಷಕರ ನಡುವಿನ ಸಂದಿಗೆ ಭುಜ ಕೊಡಬೇಕು. ತೀರಾ ಮುಂಚೆ ಸರಿದರೆ ರಕ್ಷಕನೂ ಸರಿಯುತ್ತಾನೆ. ಡಿಕ್ಕಿಯಾದ ಮೇಲೂ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಕಾಲು ಆಡುತ್ತಲೇ ಇರಬೇಕು. ಹೀಗೆ ಗಳಿಸುವ ಮೀಟರ್‌ಗಳನ್ನು ಅಂಕಿಅಂಶದಲ್ಲಿ ಬೇರೆಯಾಗಿಯೇ ಲೆಕ್ಕಹಾಕುತ್ತಾರೆ.

ಆಮೇಲೆ ಬೀಳುವುದು. ಬೆನ್ನ ಮೇಲೆ ಬಿದ್ದವನು ಸೋತ ಹಾಗೆ. ಹೊರಳಿ ಏಳುವಷ್ಟರಲ್ಲಿ ಎದುರಾಳಿಗಳೆಲ್ಲ ಸಾಲಾಗಿ ನಿಂತಿರುತ್ತಾರೆ. ಮೊಣಕೈ ಮತ್ತು ಮೊಣಕಾಲಿನ ಮೇಲೆ, ಮುಖ ನೆಲದ ಕಡೆಗಿರುವಂತೆ ಬಿದ್ದರೆ ಒಂದೇ ಚಲನೆಯಲ್ಲಿ ಏಳಬಹುದು. ಪ್ಲೇ-ದ-ಬಾಲ್ ಮೂರು ಸೆಕೆಂಡಿನ ಆಸುಪಾಸಿನಲ್ಲಿ ಮುಗಿದರೆ ಆ ಚೆಂಡನ್ನು ಎತ್ತಿಕೊಳ್ಳುವ ಹುಕರ್‌ಗೆ ಇನ್ನೂ ಹಿಂದೆ ಸರಿಯುತ್ತಿರುವ ರಕ್ಷಣೆ ಎದುರಾಗುತ್ತದೆ. ಟ್ರೈ (ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೊತ್ತಿ ಅಂಕ ಗಳಿಸುವುದು) ಹೊಡೆದ ವಿಂಗರ್ (ಮೈದಾನದ ಅಂಚಿನಲ್ಲಿ ಓಡುವ ವೇಗದ ಆಟಗಾರ) ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಎರಡು ಟ್ಯಾಕಲ್ ಹಿಂದೆ ಬೇಗ ಎದ್ದು ನಿಂತ ಪ್ರಾಪ್ ಹೆಸರನ್ನು ಕೋಚ್ ಬರೆದಿಟ್ಟುಕೊಳ್ಳುತ್ತಾನೆ. ಅವನ ಮುಂದಿನ ಕರಾರು ನಿಂತಿರುವುದು ಆ ಬರಹದ ಮೇಲೆ.

ಟ್ಯಾಕಲ್, ಮತ್ತು ಏನು ತಪ್ಪುತ್ತದೆ

ರಕ್ಷಕನ ಮುಂಗಾಲು ಓಟಗಾರನ ಹತ್ತಿರ ಊರಬೇಕು. ದೂರದಿಂದ ಚಾಚಿ ಹಿಡಿದರೆ ಬಲವೆಲ್ಲ ತೋಳಿನಿಂದ ಬರುತ್ತದೆ, ಭುಜದ ಕೀಲು ಎಳೆತಕ್ಕೆ ಸಿಗುತ್ತದೆ. ತಲೆ ಓಟಗಾರನ ದೇಹದ ಬದಿಗೆ ಅಥವಾ ಹಿಂದಕ್ಕಿರಬೇಕು. ಓಟದ ದಾರಿಗೆ ತಲೆ ಅಡ್ಡ ಬಂದರೆ ಸೊಂಟದ ಮೂಳೆಯೋ ಮೊಣಕಾಲೋ ನೇರ ಬಡಿಯುತ್ತದೆ. ಟ್ಯಾಕಲ್ ಮಾಡುವವನಿಗೇ ಆಗುವ ಎಷ್ಟೋ ತಲೆ ಪೆಟ್ಟುಗಳ ಮೂಲ ಇದೇ. ಮೂವರು ಸೇರಿ ಹಿಡಿಯುವಾಗ ಕೆಲಸ ಹಂಚಿಕೆಯಾಗಿರುತ್ತದೆ: ಇಬ್ಬರು ಮೇಲ್ಭಾಗ ಹಿಡಿದು ಚೆಂಡನ್ನು ಕಟ್ಟಿಹಾಕುತ್ತಾರೆ, ಇಲ್ಲದಿದ್ದರೆ ಓಟಗಾರ ಆಫ್‌ಲೋಡ್ ಮಾಡುತ್ತಾನೆ (ಹಿಡಿತದಲ್ಲಿದ್ದೇ ಚೆಂಡನ್ನು ಜೊತೆಗಾರನಿಗೆ ದಾಟಿಸುತ್ತಾನೆ), ಮೂರನೆಯವನು ಕಾಲಿಗೆ ಬಂದು ಬೆನ್ನ ಮೇಲೆ ಬೀಳಿಸಲು ನೋಡುತ್ತಾನೆ. ಇದಕ್ಕಾಗಿಯೇ ಕ್ಲಬ್ಬುಗಳು ಕುಸ್ತಿಯ ತರಬೇತುದಾರರನ್ನು ಇಟ್ಟುಕೊಂಡಿವೆ.

ತೋಳು ಸುತ್ತದೆ ಭುಜದಿಂದಷ್ಟೇ ಬಡಿಯುವ ಶೋಲ್ಡರ್ ಚಾರ್ಜ್ ಅನ್ನು ಎನ್‌ಆರ್‌ಎಲ್ 2013ರ ಸೀಸನ್ನಿನಿಂದ ನಿಷೇಧಿಸಿತು. ಜನ ಎದ್ದುನಿಂತು ಕೂಗುತ್ತಿದ್ದ ಹೊಡೆತ ಅದು, ಆದರೂ ನಿಷೇಧ ಸರಿಯಾದದ್ದೇ. ಇಂದು ತಲೆಗೆ ಪೆಟ್ಟು ಬಿದ್ದ ಶಂಕೆಯಿದ್ದರೆ ಆಟಗಾರನನ್ನು ಹೊರಗೆ ಕರೆದು 15 ನಿಮಿಷದ ಪರೀಕ್ಷೆ ಮಾಡುತ್ತಾರೆ. ಪರೀಕ್ಷೆ ಪಾಸಾಗುವುದೇ ಗುರಿ ಎಂಬಂತೆ ಲಕ್ಷಣ ಮುಚ್ಚಿಡುವ ಆಟಗಾರ ಒಂದು ಪಂದ್ಯಕ್ಕಾಗಿ ಮುಂದಿನ ಬದುಕನ್ನು ಪಣಕ್ಕಿಡುತ್ತಾನೆ.

ಹಂತಗಳು

ಸಿಡ್ನಿಯಲ್ಲಿ ಹುಡುಗರು ಹೆರಾಲ್ಡ್ ಮ್ಯಾಥ್ಯೂಸ್ ಕಪ್, ಎಸ್‌ಜಿ ಬಾಲ್ ಕಪ್, ಜರ್ಸಿ ಫ್ಲೆಗ್ ಎಂಬ ವಯೋಮಿತಿಯ ಪಂದ್ಯಾವಳಿಗಳ ಮೂಲಕ ಮೇಲೇರಿ ಎನ್‌ಆರ್‌ಎಲ್‌ಗಿಂತ ಒಂದು ಹಂತ ಕೆಳಗಿನ ಎನ್‌ಎಸ್‌ಡಬ್ಲ್ಯೂ (ನ್ಯೂ ಸೌತ್ ವೇಲ್ಸ್) ಕಪ್ ತಲುಪುತ್ತಾರೆ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕ್ವೀನ್ಸ್‌ಲ್ಯಾಂಡ್ ಕಪ್. ಇಂಗ್ಲೆಂಡಿನಲ್ಲಿ ಕ್ಲಬ್ಬಿನ ಅಕಾಡೆಮಿ, ನಂತರ ಕೆಳ ವಿಭಾಗಕ್ಕೆ ಸಾಲವಾಗಿ ಕಳಿಸುವುದು. ಡಿಕ್ಕಿ ತಾಳುವ ದೇಹ ಕಟ್ಟಿಕೊಳ್ಳಲು ವರ್ಷಗಳು ಬೇಕಾದ್ದರಿಂದ ಪ್ರಾಪ್‌ಗಳು ವಿಂಗರ್‌ಗಳಿಗಿಂತ ತಡವಾಗಿ ಪಕ್ವವಾಗುತ್ತಾರೆ. 17ರಲ್ಲೇ ಬ್ರಾಡ್‌ಫರ್ಡ್ ಪರ ಮೊದಲ ತಂಡದಲ್ಲಿ ಆಡಿದ ಬರ್ಜೆಸ್ ಅಪವಾದ.

ಮೊದಲ ಅವಕಾಶ ಹೆಚ್ಚಾಗಿ ಬೆಂಚಿನಿಂದ, ಹದಿನೈದಿಪ್ಪತ್ತು ನಿಮಿಷಕ್ಕೆ. ಮಧ್ಯದ ಫಾರ್ವರ್ಡ್ 20–25 ನಿಮಿಷ ಪೂರ್ತಿ ಬಲ ಹಾಕಿ ಆಡಿ, ಹೊರಬಂದು, ಮತ್ತೆ ಒಳಹೋಗುತ್ತಾನೆ. ಅಂಚಿನ ಸೆಕೆಂಡ್ ರೋ ಆಟಗಾರ ಸಾಮಾನ್ಯವಾಗಿ 80 ನಿಮಿಷವೂ ಒಳಗಿರುತ್ತಾನೆ. ಅವನಿಗೆ ಓಟದ ಕೋನ ಮುಖ್ಯ. ಎನ್‌ಆರ್‌ಎಲ್ ಒಂದು ಪಂದ್ಯದಲ್ಲಿ ಆಟಗಾರರ ಬದಲಾವಣೆಗಳ ಮಿತಿಯನ್ನು 2008ರಲ್ಲಿ 12ರಿಂದ 10ಕ್ಕೆ, 2016ರಲ್ಲಿ 8ಕ್ಕೆ ಇಳಿಸಿತು. 2020ರಲ್ಲಿ ಟ್ಯಾಕಲ್ ಸುತ್ತಲಿನ ತಪ್ಪಿಗೆ ಪೆನಾಲ್ಟಿಯ ಬದಲು ಹೊಸ ಆರು ಟ್ಯಾಕಲ್ ಕೊಡುವ ನಿಯಮ ಬಂತು. ಪೆನಾಲ್ಟಿಯ ಹೊತ್ತಿಗೆ ಸಿಗುತ್ತಿದ್ದ ಉಸಿರೂ ಹೋಯಿತು. ಭಾರೀ ದೇಹದ, ಹತ್ತು ನಿಮಿಷಕ್ಕೇ ದಣಿಯುವ ಪ್ರಾಪ್‌ಗೆ ಕೆಲಸ ಕಡಿಮೆಯಾದದ್ದು ಹೀಗೆ.

ಮೂವತ್ತರ ಆಸುಪಾಸು ತಿರುವಿನ ಕಾಲ. ವೇಗ ಇಳಿದಾಗ ಅಂಚಿನಿಂದ ಮಧ್ಯಕ್ಕೆ ಸರಿಯುವುದು ಸಾಬೀತಾದ ದಾರಿ. ಗ್ಯಾಲನ್ ಮಾಡಿದ್ದು ಇದನ್ನೇ: ಸೆಕೆಂಡ್ ರೋದಲ್ಲಿದ್ದವರು ಲಾಕ್ ಆದರು, ಕೊನೆಗೆ ಪ್ರಾಪ್. 2016ರಲ್ಲಿ, 35ರ ವಯಸ್ಸಿನಲ್ಲಿ, ಮೆಲ್ಬರ್ನ್ ವಿರುದ್ಧ 14–12ರಿಂದ ಗೆದ್ದು ಕ್ರೊನುಲ್ಲಾಕ್ಕೆ ಮೊದಲ ಪ್ರಶಸ್ತಿ ತಂದಾಗ ನಾಯಕ ಅವರೇ. ಹುಕರ್‌ಗಳ ಲೆಕ್ಕ ಬೇರೆ. ಬುದ್ಧಿ ಮತ್ತು ಪಾಸ್ ಮೇಲೆ ನಿಂತ ಜಾಗವದು. ಮೆಲ್ಬರ್ನ್‌ನ ಕ್ಯಾಮರೂನ್ ಸ್ಮಿತ್ 2002ರಿಂದ 2020ರವರೆಗೆ 430 ಪಂದ್ಯ ಆಡಿದರು.

ಬರ್ಜೆಸ್ ದಾರಿ ಬೇರೆ. 2014ರ ಅಕ್ಟೋಬರ್ 5ರ ಗ್ರ್ಯಾಂಡ್ ಫೈನಲ್‌ನ (ಎನ್‌ಆರ್‌ಎಲ್ ಪ್ರಶಸ್ತಿಯ ಅಂತಿಮ ಪಂದ್ಯದ) ಮೊದಲ ಡಿಕ್ಕಿಯಲ್ಲೇ ಅವರ ಕೆನ್ನೆಮೂಳೆ ಮುರಿಯಿತು. ಆದರೂ ಪೂರ್ತಿ ಆಡಿದರು. ಸೌತ್ ಸಿಡ್ನಿ 30–6ರಿಂದ ಗೆದ್ದು 43 ವರ್ಷದ ಪ್ರಶಸ್ತಿಯ ಬರ ನೀಗಿತು, ಪಂದ್ಯದ ಶ್ರೇಷ್ಠ ಆಟಗಾರನ ಕ್ಲೈವ್ ಚರ್ಚಿಲ್ ಪದಕ ಅವರಿಗೇ ಬಂತು. ತಕ್ಷಣ ಇಂಗ್ಲೆಂಡಿನ ಬಾತ್ ಕ್ಲಬ್ಬಿಗೆ ಯೂನಿಯನ್ ಆಡಲು ಹೋದರು. ಕ್ಲಬ್ಬು ಫ್ಲ್ಯಾಂಕರ್ (ಯೂನಿಯನ್‌ನಲ್ಲಿ ಫಾರ್ವರ್ಡ್ ಜಾಗ) ಆಗಿ ಆಡಿಸಿತು, ಇಂಗ್ಲೆಂಡ್ 2015ರ ವಿಶ್ವಕಪ್‌ನಲ್ಲಿ ಹಿಂದಿನ ಸಾಲಿನ ಸೆಂಟರ್ ಜಾಗಕ್ಕೆ ಹಾಕಿತು. ಹೊಸ ಆಟ, ಎರಡು ಜಾಗ, ಒಂದು ವರ್ಷ: ಯಾರಿಗೂ ಸಾಲದ ಕಾಲ. 2016ರಲ್ಲಿ ಸೌತ್ ಸಿಡ್ನಿಗೆ ಮರಳಿದರು. ಆಟ ನಿಲ್ಲಿಸಿದ್ದು ಭುಜ. ಶಸ್ತ್ರಚಿಕಿತ್ಸೆ, ಸೋಂಕು, ಗುಣವಾಗದ ಕೀಲು. ಕಾಲಿನ ವೇಗ ಕಳೆದವನಿಗೆ ಮೈದಾನದಲ್ಲಿ ಬೇರೆ ಜಾಗ ಸಿಗುತ್ತದೆ. ಭುಜ ಕಳೆದ ಫಾರ್ವರ್ಡ್‌ಗೆ ಸರಿಯಲು ಜಾಗವೇ ಇಲ್ಲ, ಏಕೆಂದರೆ ಆರೂ ಸ್ಥಾನಗಳಲ್ಲಿ ಟ್ಯಾಕಲ್ ಮಾಡಲೇಬೇಕು.

ಹಣ

ಪ್ರತಿ ಕ್ಲಬ್ಬಿಗೂ ಸಂಬಳದ ಒಟ್ಟು ಮಿತಿ ಇದೆ. ಇದನ್ನು ಮುರಿದ ಮೆಲ್ಬರ್ನ್ ಸ್ಟಾರ್ಮ್ 2010ರಲ್ಲಿ ತನ್ನ 2007 ಮತ್ತು 2009ರ ಪ್ರಶಸ್ತಿಗಳನ್ನೇ ಕಳೆದುಕೊಂಡಿತು. ಮಿತಿಯ ದೊಡ್ಡ ಪಾಲು ಆಟ ಹೆಣೆಯುವ ಹಾಫ್‌ಬ್ಯಾಕ್, ಎಲ್ಲರ ಹಿಂದೆ ನಿಲ್ಲುವ ಫುಲ್‌ಬ್ಯಾಕ್‌ಗಳಿಗೆ ಹೋಗುವುದರಿಂದ ಸಾಧಾರಣ ಪ್ರಾಪ್‌ಗೆ ಉಳಿಯುವುದು ಕಡಿಮೆ. ಮೂವತ್ತು ದಾಟಿದವನಿಗೆ ಬರುವುದು ಹೆಚ್ಚಾಗಿ ಒಂದೊಂದು ವರ್ಷದ ಕರಾರು, ಇಲ್ಲವೇ ಇಂಗ್ಲೆಂಡಿನ ಸೂಪರ್ ಲೀಗ್‌ಗೆ ಹೋಗುವ ದಾರಿ. ಹಾಗಾಗಿ 26–28ರಲ್ಲಿ ಸಹಿ ಹಾಕುವ ಕರಾರಿನಲ್ಲಿ ಮೊತ್ತಕ್ಕಿಂತ ಅವಧಿಗೆ ಹೆಚ್ಚು ಬೆಲೆ. ಮೊಣಕಾಲಿನ ಎಸಿಎಲ್ (ಕೀಲನ್ನು ಹಿಡಿದಿಡುವ ಅಸ್ಥಿರಜ್ಜು) ಹರಿದರೆ ಒಂಬತ್ತು ತಿಂಗಳು ಹೋಗುತ್ತದೆ. ಕೊನೆಯ ವರ್ಷದಲ್ಲಿ ಹಾಗಾದರೆ ಚೌಕಾಸಿಗೆ ಕೂರುವಾಗ ತೋರಿಸಲು ಆಟವೇ ಇರುವುದಿಲ್ಲ.

ಕಲಿಕೆಗೆ ಒಂದು ಅಭ್ಯಾಸ: ಯಾವುದಾದರೂ ಪಂದ್ಯದ ಮೊದಲ 20 ನಿಮಿಷ ಚೆಂಡನ್ನು ಬಿಟ್ಟು 8ನೇ ಅಂಗಿಯವನನ್ನಷ್ಟೇ ನೋಡಿ. ಎಷ್ಟು ಸಲ ಬಿದ್ದ, ಬೆನ್ನ ಮೇಲೋ ಮೊಣಕೈ ಮೇಲೋ, ಏಳಲು ಎಷ್ಟು ಹೊತ್ತು ಹಿಡಿಯಿತು, ಹತ್ತು ಮೀಟರ್ ಹಿಂದೆ ಸರಿಯುವಾಗ ಓಡಿದನೋ ನಡೆದನೋ ಎಂದು ಗೀಟು ಹಾಕುತ್ತಾ ಹೋಗಿ. ಓಟ ನಡಿಗೆಯಾಗುವ ನಿಮಿಷವನ್ನು ಗುರುತಿಸಿ, ಕೋಚ್ ಅವನನ್ನು ಹೊರಗೆ ಕರೆಸಿದ ನಿಮಿಷದ ಜೊತೆ ಹೋಲಿಸಿ ನೋಡಿ.