ರಾತ್ರಿಯಿಡೀ ಮಸಾಲೆ ಹಚ್ಚಿಟ್ಟರೂ ಚಿಕನ್ ಒಳಗೆ ಸಪ್ಪೆ ಯಾಕೆ?

ಪ್ರಶ್ನೆ: ಹಿಂದಿನ ರಾತ್ರಿಯೇ ಮಸಾಲೆ ಕಲಸಿ ಫ್ರಿಜ್‌ನಲ್ಲಿ ಇಡುತ್ತೇನೆ. ಆದರೂ ಚಿಕನ್ ಒಳಗೆ ಸಪ್ಪೆ, ಹೊರಗೆ ಮೆತ್ತಮೆತ್ತಗೆ. ಇನ್ನೂ ಎಷ್ಟು ಹೊತ್ತು ನೆನೆಸಬೇಕು?

ಹೊತ್ತು ಜಾಸ್ತಿ ಮಾಡಬೇಡಿ. ಬಹುಶಃ ಈಗಲೇ ಜಾಸ್ತಿಯಾಗಿದೆ.

ಇಟ್ಟಷ್ಟೂ ಮಸಾಲೆ ಒಳಗೆ ಇಳಿಯುತ್ತದೆ ಅಂತ ಬಹಳ ಜನ ನಂಬಿದ್ದಾರೆ. ನಿಜವಾಗಿ ಆಳಕ್ಕೆ ಹೋಗುವುದು ಮುಖ್ಯವಾಗಿ ಉಪ್ಪು. ಖಾರದ ಪುಡಿ, ಬೆಳ್ಳುಳ್ಳಿ, ಅರಿಸಿನ ಎಲ್ಲ ಮೇಲಿನ ಕೆಲವೇ ಮಿಲಿಮೀಟರ್‌ನಲ್ಲಿ ನಿಂತುಬಿಡುತ್ತವೆ. ಹಾಗಾಗಿ ಒಳಗೆ ಸಪ್ಪೆ ಅಂದರೆ ಉಪ್ಪು ಸಾಲದು, ಇಲ್ಲವೇ ತುಂಡು ತೀರಾ ದಪ್ಪ. ಒಂದು ಕಿಲೋಗೆ ಸುಮಾರು 15 ಗ್ರಾಂ, ಅಂದರೆ ಎರಡೂವರೆ ಟೀ ಚಮಚ ಪುಡಿ ಉಪ್ಪು ಬೇಕು. ಮೊದಲು ಉಪ್ಪು ಮಾತ್ರ ಸವರಿ ಅರ್ಧ ಗಂಟೆ ಬಿಡಿ, ಆಮೇಲೆ ಮಸಾಲೆ ಹಚ್ಚಿ. ಉಪ್ಪು ತಾಗಿದ ಮಾಂಸ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೆಂದ ಮೇಲೂ ಒಣಗುವುದಿಲ್ಲ. ದೊಡ್ಡ ತುಂಡಾದರೆ ಚಾಕುವಿನಿಂದ ಆಳವಾಗಿ ಗೀರಿ, ಆ ಗೀರಿನೊಳಗೂ ಮಸಾಲೆ ತುಂಬಿ.

ಮೆತ್ತಗಾಗುವುದು ಹುಳಿಯ ಕೆಲಸ. ನಿಂಬೆರಸ, ವಿನೆಗರ್ ಜಾಸ್ತಿ ಇದ್ದರೆ ಎರಡು ಗಂಟೆ ಸಾಕು. ಪಪ್ಪಾಯಿ ಕಾಯಿಯಲ್ಲಿರುವ ಪಪೈನ್ ಇನ್ನೂ ಜೋರು: ಅದು ಪ್ರೋಟೀನನ್ನೇ ಕತ್ತರಿಸುತ್ತದೆ. ಕೋಳಿಗೆ ಅದರ ಅಗತ್ಯವೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ರಾತ್ರಿಯೇ ಕಲಸಿಡಬೇಕು ಅಂದರೆ ಮೊಸರು ಹಾಕಿ. ಅದರ ಹುಳಿ ಸೌಮ್ಯ.

ಇನ್ನು ಬಾಣಲೆಯ ಕಥೆ. ಮಸಾಲೆಯಲ್ಲಿ ಅದ್ದಿದ ತುಂಡುಗಳನ್ನು ಹಾಗೇ ಸುರಿದರೆ ನೀರು ಬಿಟ್ಟು ಬೇಯುತ್ತವೆ, ಹುರಿಯುವುದಿಲ್ಲ. ಮೇಲಿನ ದಪ್ಪ ಮಸಾಲೆಯನ್ನು ಒರೆಸಿ, ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದಕ್ಕೊಂದು ತಾಗದಂತೆ ಹಾಕಿ. ತಕ್ಷಣ ತಿರುವಬೇಡಿ, ತಳ ಕೆಂಪಾದರೆ ತಾನೇ ಬಿಡುತ್ತದೆ. ಜೇನು, ಸಕ್ಕರೆ ಬೇಗ ಸೀಯುತ್ತವೆ. ಅವನ್ನು ಕೊನೆಯಲ್ಲಿ ಸವರಿದರೆ ಆಯಿತು.

ಬೆಂದಿದೆಯಾ ಅಂತ ಬಣ್ಣ ನೋಡಿ ಹೇಳುವುದು ಕಷ್ಟ. ಅಡುಗೆ ಥರ್ಮಾಮೀಟರ್ ಇದ್ದರೆ ತುಂಡಿನ ದಪ್ಪ ಭಾಗಕ್ಕೆ, ಮೂಳೆಗೆ ತಾಗದಂತೆ ಚುಚ್ಚಿ. 74 ಡಿಗ್ರಿ ಸೆಲ್ಸಿಯಸ್ ತಲುಪಿರಬೇಕು. ಎದೆಯ ಮಾಂಸವಾದರೆ ಅಲ್ಲಿಗೇ ಒಲೆ ಆರಿಸಿ, ಮೀರಿದರೆ ನಾರುನಾರಾಗುತ್ತದೆ. ತೊಡೆಯ ಮಾಂಸ 80 ದಾಟಿದರೇ ರುಚಿ.

ಹಸಿ ಚಿಕನ್ ನೆನೆಸಿದ ಮಸಾಲೆ ಉಳಿದಿದೆಯಾ? ಚೆನ್ನಾಗಿ ಕುದಿಸದೆ ಗ್ರೇವಿಗೆ, ಚಟ್ನಿಗೆ ಬೆರೆಸಬೇಡಿ. ಆ ಪಾತ್ರೆ, ಚಮಚ ತೊಳೆಯದೆ ಬೆಂದ ಚಿಕನ್‌ಗೆ ಬಳಸುವುದೂ ಬೇಡ.