ಕುರಿಯಲ್ಲಿ ಗೆದ್ದ ಔಷಧ ಐಸಿಯುನಲ್ಲಿ ಸೋತಿದ್ದೇಕೆ?

ಸೋಂಕಿಗೆ ದೇಹ ವಿಪರೀತವಾಗಿ ಕೆರಳಿ ತನ್ನದೇ ಅಂಗಗಳಿಗೆ ಹಾನಿ ಮಾಡಿಕೊಳ್ಳುವ ಸ್ಥಿತಿಯೇ ಸೆಪ್ಸಿಸ್. ಸೆಪ್ಸಿಸ್ ಆದ ಹಲವರ ಶ್ವಾಸಕೋಶದಲ್ಲಿ ಎರಡು ಅನಾಹುತ ಒಟ್ಟಿಗೇ ನಡೆಯುತ್ತವೆ. ಸೂಕ್ಷ್ಮ ರಕ್ತನಾಳಗಳು ಸೋರಿ ಗಾಳಿಚೀಲಗಳಲ್ಲಿ ನೀರು ತುಂಬುತ್ತದೆ. ಉಳಿದ ನಾಳಗಳು ಬಿಗಿದುಕೊಂಡು ಹೃದಯದ ಬಲಭಾಗ ಏದುಸಿರು ಬಿಡುತ್ತದೆ. ನಾಳ ಹಿಗ್ಗಿಸುವ ಔಷಧ ಕೊಟ್ಟರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಆದರೆ ಆ ಬಿಗಿತಕ್ಕೂ ಒಂದು ಉದ್ದೇಶವಿದೆ. 1946ರಲ್ಲಿ ಸ್ವೀಡನ್ನಿನ ಫಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ ಬೆಕ್ಕುಗಳಲ್ಲಿ ಇದನ್ನು ತೋರಿಸಿದರು: ಆಮ್ಲಜನಕ ಕಡಿಮೆಯಾದರೆ ಶ್ವಾಸಕೋಶದ ನಾಳಗಳು ಸಂಕುಚಿಸುತ್ತವೆ. ಗಾಳಿಯಿಲ್ಲದ ಭಾಗಕ್ಕೆ ರಕ್ತ ಹರಿದು ವ್ಯರ್ಥವಾಗದಿರಲಿ ಎಂಬ ವ್ಯವಸ್ಥೆ ಅದು. ನಾಳ ಹಿಗ್ಗಿಸುವ ಔಷಧವನ್ನು ರಕ್ತಕ್ಕೆ ಚುಚ್ಚಿದರೆ ಈ ಕಾವಲೇ ಸಡಿಲವಾಗುತ್ತದೆ. ಜತೆಗೆ, ಮೊದಲೇ ಕುಸಿದಿರುವ ಬಿಪಿ ಇನ್ನಷ್ಟು ಇಳಿಯುತ್ತದೆ.

ಸೋರಿಕೆಯನ್ನು ಅಳೆಯುವ ದಾರಿ ತೋರಿದ್ದು ಕುರಿ. 1974ರಲ್ಲಿ ಬ್ರಿಗಮ್, ಸ್ಟೌಬ್ ಮತ್ತು ಸಂಗಡಿಗರು ಎಚ್ಚರವಿರುವ ಕುರಿಗಳ ಶ್ವಾಸಕೋಶದಿಂದ ಬರುವ ದುಗ್ಧರಸವನ್ನು (ನಾಳಗಳಿಂದ ಸೋರಿದ ದ್ರವವನ್ನು ಹೊತ್ತೊಯ್ಯುವ ಲಿಂಫ್) ಸಣ್ಣ ಕೊಳವೆಯಲ್ಲಿ ಹಿಡಿದರು. ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾವನ್ನು ರಕ್ತಕ್ಕೆ ಬಿಟ್ಟಾಗ ಪ್ರೋಟೀನ್ ತುಂಬಿದ ದ್ರವ ಹೆಚ್ಚೆಚ್ಚು ಹರಿದು ಬಂತು. ಮುಂದೆ ಬಗೆಬಗೆಯ ಔಷಧಗಳನ್ನು ಪರೀಕ್ಷಿಸಲು ಇದೇ ಮಾದರಿಯಾಯಿತು. ಒಂದು ತೊಡಕನ್ನು ಮಾತ್ರ ಮರೆಯುವಂತಿಲ್ಲ. ಕುರಿಯ ಶ್ವಾಸಕೋಶದ ರಕ್ತನಾಳಗಳಲ್ಲೇ ಬೀಡುಬಿಟ್ಟ, ರೋಗಾಣು ನುಂಗುವ ಮ್ಯಾಕ್ರೊಫೇಜ್ ಕೋಶಗಳು ಧಾರಾಳವಾಗಿವೆ, ಮನುಷ್ಯರಲ್ಲಿ ಹಾಗಿಲ್ಲ. ಹಾಗಾಗಿ ಬ್ಯಾಕ್ಟೀರಿಯಾ ವಿಷಕ್ಕೆ ಕುರಿಯ ನಾಳಗಳು ನಮ್ಮದಕ್ಕಿಂತ ಬಹಳ ಜೋರಾಗಿ ಬಿಗಿಯುತ್ತವೆ.

1991ರಲ್ಲಿ ಬಾಸ್ಟನ್ನಿನ ತಂಡವೊಂದು ಕುರಿಮರಿಗಳಿಗೆ ನಾಳ ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ಅನಿಲವನ್ನು ಉಸಿರಲ್ಲೇ ಕೊಟ್ಟಿತು. ಅನಿಲ ಗಾಳಿಯಾಡುವ ಭಾಗಕ್ಕಷ್ಟೇ ತಲುಪಿತು. ರಕ್ತಕ್ಕೆ ಸೇರಿದ ಕೂಡಲೇ ಹಿಮೋಗ್ಲೋಬಿನ್ ಅದನ್ನು ನಿಷ್ಕ್ರಿಯಗೊಳಿಸಿತು. ಶ್ವಾಸಕೋಶದ ನಾಳಗಳ ಒತ್ತಡ ಇಳಿಯಿತು, ದೇಹದ ಬಿಪಿ ಇಳಿಯಲಿಲ್ಲ. ನಿಜಕ್ಕೂ ಸೊಗಸಾದ ಪ್ರಯೋಗ. 1993ರಲ್ಲಿ, ಶ್ವಾಸಕೋಶ ತೀವ್ರವಾಗಿ ಹಾನಿಗೊಂಡ ರೋಗಿಗಳಲ್ಲೂ ಈ ಅನಿಲದಿಂದ ರಕ್ತದ ಆಮ್ಲಜನಕ ಏರಿತು. ಆದರೆ 2004ರಲ್ಲಿ ಪ್ರಕಟವಾದ, ಸೆಪ್ಸಿಸ್ ಅಲ್ಲದ ಕಾರಣಕ್ಕೆ ಶ್ವಾಸಕೋಶ ಹಾನಿಗೊಂಡ 385 ರೋಗಿಗಳ ಅಧ್ಯಯನದಲ್ಲಿ ಸಾವಿನ ಪ್ರಮಾಣ ತಗ್ಗಲಿಲ್ಲ.

ಪ್ರಾಣಿಗಳು ತಪ್ಪು ಉತ್ತರ ಕೊಟ್ಟವೆಂದು ನನಗನ್ನಿಸುವುದಿಲ್ಲ. ನಾವು ಕೇಳಿದ್ದು ಕೆಲವು ತಾಸುಗಳ ಒತ್ತಡ, ಆಮ್ಲಜನಕದ ಲೆಕ್ಕ ಮಾತ್ರ. ಐಸಿಯುನಲ್ಲಿ ಜನ ಸಾಯುವುದು ಬಹುಪಾಲು ಹಲವು ಅಂಗಗಳು ಕೈಕೊಟ್ಟು, ಅದೂ ದಿನಗಟ್ಟಲೆ ಹೋರಾಡಿದ ಮೇಲೆ. ಆ ಹೋರಾಟ ಪ್ರಯೋಗಾಲಯದ ಕುರಿಗೆ ಇರಲೇ ಇಲ್ಲ. 2017ರಲ್ಲಿ ವಿಯೆನ್ನಾದಲ್ಲಿ ಸೇರಿದ ತಜ್ಞರು ಇದನ್ನೇ ಎತ್ತಿಕೊಂಡರು. ಸೆಪ್ಸಿಸ್ ಪ್ರಯೋಗದ ಪ್ರಾಣಿಗಳಿಗೂ ರೋಗಿಗಳಂತೆಯೇ ಆ್ಯಂಟಿಬಯಾಟಿಕ್, ಡ್ರಿಪ್ ಕೊಡುವುದನ್ನು ಪರಿಗಣಿಸಬೇಕೆಂಬ ಶಿಫಾರಸುಗಳು ಅಲ್ಲಿಂದ ಬಂದವು.