ಅಕ್ಷರ ಚಿಕ್ಕದಾಯಿತೆಂದು ರೆಸಲ್ಯೂಷನ್ ಇಳಿಸಬೇಡಿ

ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಟ್ಟ ಮೇಲೆ ನನಗೆ ಹೆಚ್ಚಾಗಿ ಬರುವ ದೂರು ಒಂದೇ: "ಸರ್, ಅಕ್ಷರ ತುಂಬಾ ಚಿಕ್ಕದು." ಅಷ್ಟರಲ್ಲಿ ಅವರೇ ರೆಸಲ್ಯೂಷನ್, ಅಂದರೆ ಪರದೆಯ ಅಡ್ಡಕ್ಕೂ ಉದ್ದಕ್ಕೂ ಎಷ್ಟು ಪಿಕ್ಸೆಲ್ (ಚುಕ್ಕೆ) ಅನ್ನುವ ಲೆಕ್ಕ, 1920×1080 ಇದ್ದದ್ದನ್ನು 1366×768ಕ್ಕೆ ಇಳಿಸಿರುತ್ತಾರೆ. ಅಕ್ಷರ ದೊಡ್ಡದಾಗುತ್ತದೆ, ಆದರೆ ಮಸುಕಾಗುತ್ತದೆ. ಪರದೆಯಲ್ಲಿರುವ ಪಿಕ್ಸೆಲ್‌ಗಳು ಬದಲಾಗುವುದಿಲ್ಲ ಅಲ್ವಾ? 1366 ಚುಕ್ಕೆಗಳ ಚಿತ್ರವನ್ನು 1920ರ ಮೇಲೆ ಹಿಗ್ಗಿಸಿದರೆ ಅಂಚುಗಳು ಕಲಸಿಹೋಗುತ್ತವೆ. ಕನ್ನಡಕ್ಕಂತೂ ಇದು ದೊಡ್ಡ ಪೆಟ್ಟು. ದ ಮತ್ತು ಧ ನಡುವೆ ಇರುವುದು ಒಂದು ಸಣ್ಣ ಸೀಳು. ಒತ್ತಕ್ಷರಗಳು ಮೊದಲೇ ಚಿಕ್ಕವು. ಮಸುಕಿನಲ್ಲಿ ಮೊದಲು ಕಳೆದುಹೋಗುವುದು ಅವೇ.

ರೆಸಲ್ಯೂಷನ್ ಪರದೆಯದ್ದೇ ಇರಲಿ. ಬದಲಿಸಬೇಕಾದ್ದು ಡಿಪಿಐ, ಅಂದರೆ ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಅನ್ನುವ ಲೆಕ್ಕ. ಅಕ್ಷರದ ಗಾತ್ರ ಅಳೆಯುವುದು ಪಾಯಿಂಟ್‌ನಲ್ಲಿ; 72 ಪಾಯಿಂಟ್ ಸೇರಿದರೆ ಒಂದು ಇಂಚು. ಲಿನಕ್ಸ್ ಡೆಸ್ಕ್‌ಟಾಪ್‌ಗಳು ಸಾಮಾನ್ಯವಾಗಿ ಯಾವ ಪರದೆಯನ್ನಾದರೂ 96 ಡಿಪಿಐ ಎಂದೇ ಎಣಿಸುತ್ತವೆ. ಆಗ 12 ಪಾಯಿಂಟ್ ಅಕ್ಷರಕ್ಕೆ 16 ಪಿಕ್ಸೆಲ್ ಸಿಗುತ್ತದೆ. 24 ಇಂಚಿನ 1920×1080 ಮಾನಿಟರ್‌ನ ನಿಜವಾದ ಡಿಪಿಐ ಸುಮಾರು 92. ಅಲ್ಲಿ ತೊಂದರೆ ಇಲ್ಲ. ಅದೇ ರೆಸಲ್ಯೂಷನ್ 14 ಇಂಚಿನ ಲ್ಯಾಪ್‌ಟಾಪ್‌ನಲ್ಲಿದ್ದರೆ 157. ಆ 16 ಪಿಕ್ಸೆಲ್ ಅಲ್ಲಿ 2.6 ಮಿಲಿಮೀಟರ್ ಮಾತ್ರ. ಕಾಗದದ ಮೇಲೆ 4.2 ಇರಬೇಕಿತ್ತು. ನೀವು 12 ಪಾಯಿಂಟ್ ಕೇಳಿದ್ದೀರಿ, ಸಿಕ್ಕಿದ್ದು ಏಳು ಚಿಲ್ಲರೆ.

ನಿಮ್ಮ ಪರದೆಯ ಲೆಕ್ಕ ತೆಗೆಯುವುದು ಸುಲಭ. ಸ್ಕೇಲ್ ತೆಗೆದುಕೊಂಡು ಪರದೆಯ ಬೆಳಗುವ ಭಾಗದ ಅಗಲವನ್ನಷ್ಟೇ ಅಳೆಯಿರಿ. ಅಡ್ಡ ಪಿಕ್ಸೆಲ್‌ಗಳನ್ನು ಆ ಮಿಲಿಮೀಟರ್‌ಗಳಿಂದ ಭಾಗಿಸಿ 25.4ರಿಂದ ಗುಣಿಸಿ. ಟರ್ಮಿನಲ್‌ನಲ್ಲಿ ಎಕ್ಸ್‌ರ್‍ಯಾಂಡರ್ (xrandr) ಕಮಾಂಡ್ ಕೂಡ ಅಳತೆ ತೋರಿಸುತ್ತದೆ, ಆದರೆ ಅದು ಮಾನಿಟರ್ ಹೇಳಿದ್ದನ್ನೇ ಒಪ್ಪಿಸುವುದು. ಕೆಲವು ಟಿವಿಗಳು 160×90 ಮಿಲಿಮೀಟರ್ ಎಂದು ಹೇಳಿಬಿಡುತ್ತವೆ. ನನಗೆ ಸ್ಕೇಲ್ ಮೇಲೇ ಜಾಸ್ತಿ ನಂಬಿಕೆ.

ಎಕ್ಸ್‌ಎಫ್‌ಸಿಇ, ಗ್ನೋಮ್ ಎರಡೂ ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳು. ಎಕ್ಸ್‌ಎಫ್‌ಸಿಇಯಲ್ಲಿ ಅಪಿಯರೆನ್ಸ್ ಒಳಗಿನ ಫಾಂಟ್ಸ್ ಪುಟದಲ್ಲೇ ಡಿಪಿಐ ಬರೆಯಬಹುದು. ಗ್ನೋಮ್‌ನಲ್ಲಿ ಡಿಪಿಐ ಬದಲು ಅನುಪಾತ ಕೊಡಬೇಕು: 157ನ್ನು 96ರಿಂದ ಭಾಗಿಸಿದರೆ 1.64. ಅದನ್ನು ಟ್ವೀಕ್ಸ್ ಎಂಬ ಸೆಟ್ಟಿಂಗ್ ಆ್ಯಪ್‌ನ ಸ್ಕೇಲಿಂಗ್ ಫ್ಯಾಕ್ಟರ್‌ನಲ್ಲಿ ಹಾಕಿ.

ಪೂರ್ತಿ 157 ಹಾಕಲೇಬೇಕು ಅಂತೇನಿಲ್ಲ. ಪುಟ ವಿನ್ಯಾಸ ಮಾಡುವವರಿಗೆ ನಿಜವಾದ ಅಳತೆಯೇ ಬೇಕು, ಅಲ್ಲಿ ರಾಜಿ ಬೇಡ. ಸುಮ್ನೆ ಓದುವವರಿಗೆ ಅದು ದೊಡ್ಡದಾಗಬಹುದು, ಬಟನ್‌ಗಳೂ ಜಾಗ ತಿನ್ನುತ್ತವೆ. ಅವರಿಗೆ ನಾನು 120ರಿಂದ 144ರ ಒಳಗೆ ಇಡುತ್ತೇನೆ.

ಲ್ಯಾಪ್‌ಟಾಪ್ ಜೊತೆ ದೊಡ್ಡ ಮಾನಿಟರ್ ಕೂಡ ಬಳಸುತ್ತೀರಾ? ಲಿನಕ್ಸ್‌ನಲ್ಲಿ ಪರದೆಗೆ ಚಿತ್ರ ಕಳಿಸುವ ಹಳೆಯ ವ್ಯವಸ್ಥೆ ಎಕ್ಸ್11, ಹೊಸದು ವೇಲ್ಯಾಂಡ್. ಎಕ್ಸ್11ನಲ್ಲಿ ಫಾಂಟ್ ಡಿಪಿಐ ಎರಡಕ್ಕೂ ಒಂದೇ. ಒಂದರಲ್ಲಿ ಸರಿಮಾಡಿದರೆ ಇನ್ನೊಂದರಲ್ಲಿ ಕೆಡುತ್ತದೆ. ಅಂಥವರು ಲಾಗಿನ್ ಆಗುವಾಗ ವೇಲ್ಯಾಂಡ್ ಸೆಷನ್ ಆರಿಸಿಕೊಂಡು, ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಒಂದೊಂದು ಪರದೆಗೂ ಬೇರೆ ಬೇರೆ ಸ್ಕೇಲ್ ಕೊಡಿ.